ಅಮ್ಮನ ತಟ್ಟೆ ಹಾರಿದ್ದು

“ಲೈಯರ್! ತಟ್ಟೆಯಿಂದ ಫ್ರಿಸ್ಬಿ ಹುಟ್ಟಿತಂತೆ!” ಡೆನಿಸ್ ಕೂಗಿದ. ಅಪಾರ್ಟ್‌ಮೆಂಟಿನ ಮುಂದೆ ಆ ಪ್ಲಾಸ್ಟಿಕ್ ಬಿಲ್ಲೆ ಎಸೆದಾಡುತ್ತಿದ್ದ ಹುಡುಗರೆಲ್ಲ ಹೋ ಎಂದು ನಕ್ಕರು.

“ಟೀಚರೇ ಹೇಳಿದ್ದು,” ಎಂದಳು ವಿನೋದಾ. “ಹಣ್ಣಿನ ಪೈ ಬೇಯಿಸೋ ತಗಡಿನ ತಟ್ಟೆ ಎಸೆದು ಆಡ್ತಿದ್ರಂತೆ. ಪ್ಲಾಸ್ಟಿಕ್ಕು ಬಂದಿದ್ದು ಆಮೇಲೆ.”

“ಪ್ರೂವ್ ಇಟ್!”

ವಿನೋದಾಗೆ ಮೂಗಿನ ತುದಿಯಲ್ಲೇ ಕೋಪ. ದಡದಡ ಮನೆಗೆ ಓಡಿದಳು. ಅಪ್ಪ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅವರ ಮನೆಯಲ್ಲಿ ಪೈ ಯಾರು ಮಾಡುತ್ತಾರೆ? ಸಿಂಕಿನಲ್ಲಿ ಎಂಜಲು ತಟ್ಟೆಗಳಿದ್ದವು. ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಸ್ಟೀಲ್ ತಟ್ಟೆ ಒಂದೇ. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು: ವಿಮಲಾ.

ಅಮ್ಮನ ತಟ್ಟೆ. ಅಮ್ಮ ಸತ್ತು ನಾಳೆಗೆ ಒಂದು ವರ್ಷ.

ಕೈ ತಡೆಯಿತು. ಹೊರಗೆ ಡೆನಿಸ್ ಮತ್ತೆ “ಲೈಯರ್” ಎಂದ. ಎತ್ತಿಕೊಂಡೇ ಬಿಟ್ಟಳು.

ತಟ್ಟೆ ಹಾರಿತು. ನಿಜವಾಗಿಯೂ ಹಾರಿತು! ಬಿಸಿಲಿಗೆ ಮಿಂಚುತ್ತಾ ಹುಡುಗರ ತಲೆ ದಾಟಿ, ರಸ್ತೆಯ ನಡುವೆ ಠಣ್ ಎಂದು ಬಿತ್ತು. ಹಿಂದೆಯೇ ಟ್ರಕ್ಕು ಬಂತು.

ಚಕ್ರ ತಟ್ಟೆಯ ಮೇಲೆ ಹತ್ತಿಳಿಯಿತು.

“ಇದೇ ಬೇಕಿತ್ತಾ ನಿನಗೆ?” ಸಂಜೆ ಅಪ್ಪ ಗುಡುಗಿದರು.

“ಐ ಯಾಮ್ ಸಾರಿ, ಅಪ್ಪಾ.”

“ಸಾರಿಯಂತೆ ಸಾರಿ! ಈ ದೇಶದಲ್ಲಿ ಬಾಳೆಲೆ ಸಿಗಲ್ಲ ಅಂತ ನಾಳೆ ಅಮ್ಮನ ಎಡೆಗೆ ಇದನ್ನೇ ತೊಳೆದಿಟ್ಟಿದ್ದೆ ಕಣೇ!”

ಸುತ್ತಿಗೆ ತಂದು ಬಡಿದರು, ಬಡಿದರು. ತಟ್ಟೆಯ ಸೊಟ್ಟ ಹೋಗಲಿಲ್ಲ.

ಮರುದಿನ ಅಮ್ಮನ ಫೋಟೋದ ಮುಂದೆ ಅದೇ ತಟ್ಟೆ ಇತ್ತು.

“ಬೇರೆ ಪ್ಲೇಟ್ ಇಡೋಣ್ವಾ, ಅಪ್ಪಾ?”

“ಬೇಡ. ಅವಳು ಉಣ್ತಿದ್ದಿದ್ದು ಇದರಲ್ಲೇ.”

ಅನ್ನ, ಹುಳಿಸಾರು, ಅಮ್ಮನಿಗೆ ಇಷ್ಟವಾದ ಶ್ಯಾವಿಗೆ ಪಾಯಸ. ಪಾಯಸ ಬಿದ್ದೊಡನೆ ತಟ್ಟೆ ವಾಲಿತು. ವಿನೋದಾ ಬಗ್ಗಿ ಅಂಚಿನ ಕೆಳಗೆ ಬೆರಳು ಕೊಟ್ಟಳು.

ಅಪ್ಪ ಧೂಪ ಹಾಕಿ ಎದ್ದರು. “ಬಾ, ಬಾಗಿಲು ಹಾಕಬೇಕು. ಅಮ್ಮ ಬಂದು ಉಣ್ಣೋವಾಗ ಒಳಗೆ ಯಾರೂ ಇರಬಾರದು.”

“ಕೈ ತೆಗೆದ್ರೆ ಚೆಲ್ಲುತ್ತೆ, ಅಪ್ಪಾ.”

ಅಪ್ಪ ಅವಳನ್ನೇ ನೋಡಿದರು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ವಿನೋದಾ ಕಣ್ಣು ಬಿಗಿಯಾಗಿ ಮುಚ್ಚಿದಳು. ಬಿಸಿ ತಟ್ಟೆ ಬೆರಳು ಸುಡುತ್ತಿತ್ತು.

“ನಿಧಾನಕ್ಕೆ ಉಣ್ಣಮ್ಮ,” ಎಂದಳು, ಕನ್ನಡದಲ್ಲೇ.

ಪಾಯಸ ಆರಿತು. ಯಾರೂ ಬರಲಿಲ್ಲ. ಬೆರಳು ಜೋಮು ಹಿಡಿಯಿತು. ಅವಳು ಕೈ ತೆಗೆಯಲಿಲ್ಲ.