ಅಕ್ಕನ ಫೋನಿನ ಪಕ್ಕದ ಬಟನ್

ನಾನು ಮೊಬೈಲ್ ರಿಪೇರಿಯವಳು. ಪಕ್ಕದ ಬಟನ್ ಐದು ಸಲ ಒತ್ತಿದರೆ ಅವಳ ಗಂಡನಿಗೆ ಕರೆ ಹೋಗುವಂತೆ ಅಕ್ಕನ ಫೋನಿನಲ್ಲಿ ನಾನೇ ಹೊಂದಿಸಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದ ಮಧ್ಯಾಹ್ನ ಅವಳು ಹಾಗೇ ಒತ್ತಿದಳು. ಭಾವ ಕರೆ ಕಟ್ ಮಾಡಿದ. ತೆರೆದ ನಲ್ಲಿಯ ಪಕ್ಕ ನಲವತ್ತು ನಿಮಿಷ ಬಿದ್ದಿದ್ದ ಅಕ್ಕ ಉಳಿಯಲಿಲ್ಲ.

ತಿಂಗಳಾದ ಮೇಲೆ ಭಾವ ಅದೇ ಫೋನ್ ಹಿಡಿದು ನನ್ನ ಅಂಗಡಿಗೆ ಬಂದ. "ಬಟನ್ ಕೆಟ್ಟಿದೆ. ದಿನಾ ಮಧ್ಯಾಹ್ನ ತಾನಾಗೇ ನಂಗೆ ಕಾಲ್ ಬರುತ್ತೆ. ಕಿತ್ತುಹಾಕು."

"ಆವತ್ತು ಯಾಕೆ ಎತ್ತಲಿಲ್ಲ?"

"ಮೀಟಿಂಗಲ್ಲಿದ್ದೆ. ಸುಮ್ಮನೆ ಒತ್ತಿರ್ತಾಳೆ ಅಂದ್ಕೊಂಡೆ."

ಬಟನ್ ಕಿತ್ತೆ, ಬ್ಯಾಟರಿಯನ್ನೂ ತೆಗೆದೆ. ಎರಡೂ ಮಂಜಿನಷ್ಟು ತಣ್ಣಗಿದ್ದವು. ಆಗಲೇ ಭಾವನ ಜೇಬು ಗುಂಯ್‌ಗುಟ್ಟಿತು. ಅವನು ಹೊರತೆಗೆದ ಫೋನಿನ ಪರದೆಯ ಮೇಲೆ ಅಕ್ಕನ ಹೆಸರು. ಅವನ ಹೆಬ್ಬೆರಳು ಮತ್ತೆ ಕಟ್ ಮಾಡಲು ಹೋಯಿತು.

"ಎತ್ತಿ ಭಾವ, ಇವತ್ತಾದ್ರೂ ಎತ್ತಿ!" ಎಂದು ಕಿರುಚಿದೆ.

ಎತ್ತಿದ. ನಲ್ಲಿ ನೀರು ಸುರಿಯುವ ಸದ್ದು ನನಗೂ ಕೇಳಿಸಿತು. ಕರೆ ನಲವತ್ತು ನಿಮಿಷ ನಡೆಯಿತು. ಅಷ್ಟು ಹೊತ್ತೂ ಬ್ಯಾಟರಿ ನನ್ನ ಮುಷ್ಟಿಯಲ್ಲೇ ಇತ್ತು.