ಗ್ಲೌಸ್ ಬಿಚ್ಚು, ನೆಕ್ಸ್ಟ್!

"ಗ್ಲೌಸ್ ಬಿಚ್ಚು!" ದಿವ್ಯ ಕೂಗಿದಳು.

ಶಂಭುಲಿಂಗ ಇನ್ನೂ ನೆಲದಿಂದ ಎದ್ದಿರಲಿಲ್ಲ. ಮೊಣಕಾಲಿಗೆಲ್ಲ ಮಣ್ಣು, ಬಾಯಿಗೂ ಒಂದಿಷ್ಟು ಮಣ್ಣು. ಚೆಂಡು ಮಾತ್ರ ಅವನ ಹಿಂದೆ ಗೋಲ್ ಬಲೆಯೊಳಗೆ ಆರಾಮಾಗಿ ಕುಳಿತಿತ್ತು.

"ಈಗ್ ತಾನೆ ಹಾಕ್ಕೊಂಡೆ ಕಣೇ. ಒಸಿ ತಡಿ..."

"ಗೋಲ್ ಬುಟ್ಟೆ ಅಲ್ವಾ? ಬಿಚ್ಚು. ನೆಕ್ಸ್ಟ್!"

ದಿವ್ಯ ಉದ್ದ ಜಡೆಯನ್ನು ಭುಜದ ಹಿಂದಕ್ಕೆ ಎಸೆದಳು. ಅವಳಿಗೆ ಸಿಟ್ಟು ಬಂದರೆ ಹಾಗೆಯೇ. ಮೊದಲು ಜಡೆ ಹಿಂದೆ ಹೋಗುತ್ತದೆ, ಆಮೇಲೆ ಮಾತು ಮುಂದೆ ಬರುತ್ತದೆ.

ಸಾನಾ ಬಂದು ಗ್ಲೌಸ್ ತೊಟ್ಟುಕೊಂಡಳು. "ಥೂ, ನಾಲ್ಕು ಜನದ ಬೆವರು ಐತೆ ಇದ್ರಲ್ಲಿ!" ಎಂದು ಮುಖ ಸಿಂಡರಿಸಿದಳು. ನಾಲ್ಕು ಗೋಲ್ ಬಿದ್ದಿದ್ದವು, ನಾಲ್ಕು ಕೀಪರ್ ಬದಲಾಗಿದ್ದರು. ಗೋಲ್ ಬಿಟ್ಟವರು ಗ್ಲೌಸ್ ಬಿಡಬೇಕು. ಇದು ಕ್ಯಾಪ್ಟನ್ ದಿವ್ಯಳ ರೂಲ್.

ಅವರದು ಸಾತನೂರಿನ 'ಅನಂತ ಎಫ್‌ಸಿ'. ಕ್ಲಬ್ಬಿನ ಓನರ್ ಅನಂತರಾಜು, ದಿವ್ಯಳ ಅಪ್ಪ. ಊರಿನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಜೆರ್ಸಿಯ ಎದೆಯ ಮೇಲೆ ಅವರ ಮೀಸೆಯ ಫೋಟೋ, ಬೆನ್ನ ಮೇಲೆ ನಂಬರ್. ಒಂದು, ಎರಡು, ಮೂರು ಅಲ್ಲ, ಅಂಗಡಿಯ ಫೋನ್ ನಂಬರ್! ಎಲ್ಲರಿಗೂ ಅದೇ ಹತ್ತು ಅಂಕಿ. ರೆಫರಿ ಯಾರನ್ನಾದರೂ ಕರೆಯಬೇಕಾದರೆ, "ಏಯ್, ಹಾರ್ಡ್‌ವೇರ್! ನೀನಲ್ಲ, ಆ ಹಾರ್ಡ್‌ವೇರ್!" ಎನ್ನುತ್ತಿದ್ದರು.

"ಅನಂತ ಅಂದ್ರೆ ಕೊನೇನೇ ಇಲ್ದಿರೋದು ಅಂತ ಮಿಸ್ ಹೇಳಿಲ್ವಾ? ಅದ್ಕೇ ನಮ್ಗೆ ಗೋಲ್ ಬೀಳೋದು ನಿಲ್ತಾನೇ ಇಲ್ಲ," ಎಂದು ಸಾನಾ ಒಮ್ಮೆ ಅಂದಿದ್ದಳು. ಎಲ್ಲರೂ ನಕ್ಕಿದ್ದರು. ದಿವ್ಯ ಮಾತ್ರ ನಕ್ಕಿರಲಿಲ್ಲ.

ಆವತ್ತು ಆರು ಗೋಲ್ ಬಿತ್ತು. ಸೀಟಿ ಊದಿದ್ದೇ ತಡ, ಅನಂತರಾಜು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಕೈಮೈಕು ಎತ್ತಿಕೊಂಡರು. ಮಕ್ಕಳು ಎದುರಿಗೆ ಸಾಲಾಗಿ ನಿಂತರು.

"ಯಾರು ಬುಟ್ಟಿದ್ದು? ಯಾರ್ ಯಾರು ಬುಟ್ಟಿದ್ದು ಗೋಲ್ನ?"

ಆರು ಕೈಗಳು ಮೆಲ್ಲಗೆ ಮೇಲೆದ್ದವು.

"ಮೇಷ್ಟ್ರೇ, ಇದೇನಾ ನೀವು ಕಲ್ಸಿರೋದು?"

ಕೋಚ್ ನಂಜುಂಡಯ್ಯ ರಿಟೈರಾದ ಪಿಟಿ ಮೇಷ್ಟ್ರು. ಬಂದು ಹದಿನೈದು ದಿನವಷ್ಟೇ ಆಗಿತ್ತು. "ಅನಂತರಾಜು, ಒಂದು ಕೀಪರ್‌ನ ಒಂದೇ ಕಡೆ ನಿಲ್ಲಕ್ಕೆ ಬುಡಪ್ಪ. ಮಕ್ಳು ಕಲೀತವೆ," ಎಂದರು.

"ನೀವಿನ್ನು ಹೊರಡಿ ಮೇಷ್ಟ್ರೇ. ನೆಕ್ಸ್ಟ್!"

ಮೈಕಿನಲ್ಲೇ ಹೇಳಿಬಿಟ್ಟರು! ಮೈದಾನದಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕಡಲೆಕಾಯಿ ತಿನ್ನುತ್ತಿದ್ದವರ ಬಾಯಿ ಅಲ್ಲೇ ನಿಂತಿತು.

ಮೇಷ್ಟ್ರು ಕೊರಳಿನ ಸೀಟಿ ತೆಗೆದು ಕುರ್ಚಿಯ ಕೈಮೇಲೆ ಇಟ್ಟರು. ಶಂಭುವಿನ ತಲೆ ಸವರಿ, "ಚೆಂಡ್ ನೋಡು ಮಗ. ಬೇರೆ ಯಾರ್ನೂ ನೋಡ್ಬೇಡ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಇವರು ಮೂರನೆಯವರು. ಮೊದಲ ಕೋಚ್ ಬಸ್ ಕಂಡಕ್ಟರ್ ಮರಿಯಪ್ಪಣ್ಣ ಹೋಗುವಾಗ, "ಎಫ್‌ಸಿ ಅಂತ ಬೋರ್ಡ್ ಹಾಕ್ಬುಟ್ರೆ ಆಯ್ತದಾ? ಮೊದ್ಲು ಈ ಗಾಡೀಗೆ ಎಫ್‌ಸಿ ಮಾಡಿಸ್ರಪ್ಪ," ಎಂದು ಗೊಣಗಿದ್ದರು. ಎರಡನೆಯವರಿಗೆ ಗೊಣಗುವಷ್ಟೂ ಟೈಮ್ ಸಿಕ್ಕಿರಲಿಲ್ಲ.

ಮಾರನೆಯ ದಿನ ಇನ್ನೊಂದು ಶಾಕ್. ಒಂಬತ್ತು ಜನರಲ್ಲಿ ಇಬ್ಬರು ಕಬಡ್ಡಿಗೆ ಹೋಗಿಬಿಟ್ಟಿದ್ದರು. ಉಳಿದದ್ದು ಏಳೇ ಜನ. ಕನಕಪುರದ ಟೂರ್ನಮೆಂಟಿನಲ್ಲಿ ಒಂದು ಟೀಮಿಗೆ ಏಳು ಜನ ಬೇಕೇ ಬೇಕು. ಒಬ್ಬರು ಕಡಿಮೆಯಾದರೂ ಮ್ಯಾಚಿಲ್ಲ, ಟೀಮಿನ ಹೆಸರೇ ಔಟ್. ಭಾನುವಾರ ಕುದೂರಿನವರ ಮೇಲೆ ಮ್ಯಾಚು.

ಶನಿವಾರ ಸ್ಕೂಲು ಬಿಟ್ಟ ಮೇಲೆ ದಿವ್ಯ ಶಂಭುವಿನ ಮನೆಗೆ ಹೊರಟಳು. ಅವನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳದ ಮನೆಯ ಹಿಂದಿನ ಜಾಗದಲ್ಲೇ ಇವರ ಪ್ರಾಕ್ಟೀಸು. ಹುಳು ಗೂಡು ಕಟ್ಟುವ ಬಿದಿರಿನ ಹಳೇ ಚಂದ್ರಿಕೆಗಳು ಎರಡು ಅಲ್ಲಿದ್ದವು. ಅವನ್ನು ನಿಲ್ಲಿಸಿದರೆ ಅದೇ ಗೋಲ್ ಕಂಬ.

ಗೋಡೆಯ ತಿರುವಿನಲ್ಲೇ ನಗು ಕೇಳಿಸಿತು. ದಿವ್ಯ ಹಿಪ್ಪುನೇರಳೆ ಕಡ್ಡಿಯ ರಾಶಿಯ ಹಿಂದೆ ನಿಂತು ಇಣುಕಿದಳು.

ಸಾನಾ ಮಿಮಿಕ್ರಿ ಮಾಡುತ್ತಿದ್ದಳು! ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಳು.

"ಯಾರು ಬುಟ್ಟಿದ್ದು? ಯಾರ್ ಯಾರು ಬುಟ್ಟಿದ್ದು ಗೋಲ್ನ?"

ಅಯ್ಯೋ, ಅಪ್ಪ! ಥೇಟ್ ಅಪ್ಪನೇ! ದಿವ್ಯ ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡಳು. ಅಪ್ಪನಿಗೆ ಗೊತ್ತಾದರೆ ಕುರ್ಚಿ ಸಮೇತ ಹಾರಿ ಬೀಳುತ್ತಾರೆ.

"ಬಿಚ್ಚು. ನೆಕ್ಸ್ಟ್!" ಎಂದು ಸಾನಾ ಕೈ ಚಾಚಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಸಾನಾ ಇನ್ನೊಂದು ಮಾಡಿದಳು. ಇಲ್ಲದ ಜಡೆಯೊಂದನ್ನು ಹಿಡಿದು ಭುಜದ ಹಿಂದಕ್ಕೆ ಎಸೆದಳು.

ದಿವ್ಯ ಬಾಯಿ ಮುಚ್ಚಿದ್ದ ಕೈಯನ್ನು ಕೆಳಗಿಳಿಸಿದಳು.

ಅಪ್ಪನಿಗೆ ಜಡೆಯಿಲ್ಲ. ಅಪ್ಪನ ತಲೆಯಲ್ಲಿ ಬಾಚುವುದಕ್ಕೂ ಕೂದಲಿಲ್ಲ.

"ಗ್ಲೌಸ್ ಹಾಕ್ಕೊಂಡ್ರೆ ಕೈ ನಡುಗ್ತದೆ ಕಣ್ರೋ," ಶಂಭು ನಗುವುದನ್ನು ನಿಲ್ಲಿಸಿ ಹೇಳಿದ. "ನಾಳೆ ನಾನ್ ಬರಾಕಿಲ್ಲ."

"ಲೋ, ನೀನು ಬರ್ಲಿಲ್ಲ ಅಂದ್ರೆ ಆರೇ ಜನ ಆಯ್ತೀವಿ ಕಣೋ!" ಎಂದಳು ಸಾನಾ.

ದಿವ್ಯ ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ಕಾಲು ಮಾತ್ರ ನಡೆಯುತ್ತಿತ್ತು. ಕಿವಿ ಇನ್ನೂ ಅಲ್ಲೇ ಇತ್ತು.

ಅಂಗಡಿಯಲ್ಲಿ ಅಪ್ಪ ಮೊಳೆ ತೂಗುತ್ತಿದ್ದರು.

"ಅಪ್ಪ, ಮೇಷ್ಟ್ರನ್ನ ವಾಪಸ್ ಕರಿಯಪ್ಪ."

"ಯಾಕವ್ವ? ಕೋಚ್‌ಗೇನು ಬರಗಾಲನಾ? ನಾಳೆ ನಾನೇ ಕೋಚು."

"ನಿಂಗೆ ಫುಟ್‌ಬಾಲ್ ಬರ್ತದಾ?"

"ಓನರ್ ನಾನೋ, ನೀನೋ?" ಎಂದು ಅಪ್ಪ ಇನ್ನೊಂದು ಹಿಡಿ ಮೊಳೆ ತಕ್ಕಡಿಗೆ ಹಾಕಿದರು.

ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ದಿವ್ಯ ಎಣಿಸಿದಳು. ಐದು. ಬಸ್ಸು ಹೊರಡುವ ಹೊತ್ತಿಗೆ ಸಾನಾ ಶಂಭುವನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಏಳು! ಶಂಭು ಕನಕಪುರ ಬರುವತನಕ ಕಿಟಕಿಯ ಆಚೆಗೇ ಮುಖ ಮಾಡಿ ಕುಳಿತಿದ್ದ.

ಮೊದಲು ಗೋಲಿಗೆ ನಿಂತವನು ಶಂಭು. ಮ್ಯಾಚ್ ಶುರುವಾದ ಎಂಟನೇ ನಿಮಿಷಕ್ಕೆ ಕುದೂರಿನ ಹುಡುಗನೊಬ್ಬ ಚೆಂಡನ್ನು ಮೂಲೆಗೆ ಬಾರಿಸಿದ. ಗೋಲ್!

ದಿವ್ಯ ಗಕ್ಕನೆ ಹಿಂದಕ್ಕೆ ತಿರುಗಿದಳು. ಕೈ ತಾನಾಗಿಯೇ ಜಡೆಗೆ ಹೋಗಿತ್ತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಶಂಭು ಎಡಗೈ ಗ್ಲೌಸ್ ಬಿಚ್ಚಿ ನೆಲಕ್ಕೆ ಹಾಕಿಬಿಟ್ಟಿದ್ದ. ಬಲಗೈಯದನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಸಾನಾ ಆಗಲೇ ಕೈ ಚಾಚಿಕೊಂಡು ಹೊರಟಿದ್ದಳು. ಯಾರೂ ಏನೂ ಹೇಳಿರಲಿಲ್ಲ!

ಶಂಭು ಚೆಂಡು ಎಲ್ಲಿದೆ ಎಂದು ನೋಡುತ್ತಿರಲಿಲ್ಲ. ದಿವ್ಯಳನ್ನೇ ನೋಡುತ್ತಿದ್ದ.

'ಬೇರೆ ಯಾರ್ನೂ ನೋಡ್ಬೇಡ.' ಮೇಷ್ಟ್ರು ಹೇಳಿದ್ದು ಅವಳಿಗೆ ನೆನಪಾಯಿತು. ಇಷ್ಟು ದಿನವೂ ಚೆಂಡು ಬರುವಾಗ ಅವನು ನೋಡುತ್ತಿದ್ದದ್ದು ತನ್ನನ್ನೇ?

"ಕೀಪರ್ ಚೇಂಜ್! ನೆಕ್ಸ್ಟ್!" ಮೈಕು ಅರಚಿತು.

ದಿವ್ಯ ಜಡೆ ಬಿಟ್ಟಳು. ಓಡಿಹೋಗಿ ನೆಲದ ಮೇಲಿದ್ದ ಗ್ಲೌಸ್ ಎತ್ತಿ, ಮಣ್ಣು ಕೊಡವಿ, ಶಂಭುವಿನ ಕೈಗೆ ತೊಡಿಸಿ ಪಟ್ಟಿ ಒತ್ತಿದಳು.

"ನೀನೇ ನಿಂತ್ಕೊ."

ಶಂಭುವಿಗೆ ನಂಬಿಕೆಯಾಗಲಿಲ್ಲ. "ಇನ್ನೊಂದು ಬಿದ್ರೆ?"

"ಆಗ್ಲೂ ನೀನೇ."

ಸಾನಾ ಚಾಚಿದ ಕೈ ಚಾಚಿಯೇ ಇತ್ತು. "ಏನಾಯ್ತೇ ನಿಂಗೆ?"

"ಏನಿಲ್ಲ. ನೀನು ಚೆನ್ನಾಗಿ ಮಾಡ್ತೀಯ ಕಣೇ."

"ಏನ್ನ?"

"ಜಡೇನ."

ಸಾನಾ ಚಾಚಿದ ಕೈಯನ್ನು ಸರಕ್ಕನೆ ಬೆನ್ನ ಹಿಂದೆ ಅಡಗಿಸಿದಳು.

"ದಿವ್ಯಾ! ಓನರ್ ಹೇಳ್ತಿರೋದು ಕೇಳಿಸ್ತಿಲ್ವಾ?" ಅಪ್ಪ ಕುರ್ಚಿಯಿಂದ ಎದ್ದೇ ನಿಂತಿದ್ದರು. ದಿವ್ಯ ಆ ಕಡೆ ನೋಡದೆ ತನ್ನ ಜಾಗಕ್ಕೆ ಓಡಿದಳು.

ಕುದೂರಿನವರು ಮತ್ತೆ ಬಂದರು. ಶಂಭು ಹಾರಿ ಒಂದನ್ನು ತಡೆದ. ಅದೇ ಚೆಂಡು ವಾಪಸ್ ಬಂದಾಗ ತಡೆಯಲಾಗಲಿಲ್ಲ. ಎರಡನೇ ಗೋಲ್.

ಎಲ್ಲರೂ ದಿವ್ಯಳನ್ನು ನೋಡಿದರು. ದಿವ್ಯ ಹಿಂದಕ್ಕೆ ತಿರುಗಲಿಲ್ಲ. ಸೆಂಟರಿನಲ್ಲಿ ನಿಂತು ಕಾದಳು.

ಸ್ವಲ್ಪ ಹೊತ್ತಿಗೆ ಚೆಂಡು ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು. ಬಲೆಯೊಳಗಿಂದ ಶಂಭುವೇ ಅದನ್ನು ತೆಗೆದು ಕಳಿಸಿದ್ದ.

ಆಗ ಅವಳು ತಿರುಗಿ ನೋಡಿದಳು. ಶಂಭು ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲಿಸಿ ನಿಂತಿದ್ದ. ಗ್ಲೌಸ್ ಅವನ ಕೈಯಲ್ಲೇ ಇತ್ತು. ಕಣ್ಣು ಚೆಂಡಿನ ಮೇಲಿತ್ತು.