ಒಂದೇ ಜಾಗದಲ್ಲಿ ಬರೆದದ್ದು

ಮಾರ್ಲಾ ಹೆನ್ಷೆಲ್ ತನ್ನ ಮಗಳು ಒಟಿಲಿಗೆ ಜಡೆ ಹಾಕುತ್ತಿದ್ದಾಗ ಫೋನ್ ಬಂತು. ಕೂದಲಿನ ಎರಡು ಕಾಲುಗಳನ್ನು ಒಂದು ಕೈಯಲ್ಲಿ, ಮೂರನೆಯದನ್ನು ಇನ್ನೊಂದರಲ್ಲಿ ಹಿಡಿದು, ಫೋನನ್ನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಂಡಳು. ಅವಳು ಕೆಲಸ ಮಾಡುವ ಕಂಪನಿಯ ಯಜಮಾನ ಲೈಲ್ ಬ್ರೆಕಿ.

"ಬೇರೆಯವ್ರ ಬಾಯಿಂದ ಕೇಳೋದು ಬೇಡ ಅಂತ ನಾನೇ ಹೇಳ್ತಿದೀನಿ ಮಾರ್ಲಾ. ತಂಡದ ಮುಖ್ಯಸ್ಥನ ಜಾಗ ಟೋಬಿನ್‌ಗೆ ಕೊಟ್ಟೆ."

"ಟೋಬಿನ್‌ಗಾ?"

"ಹುಡುಗ ಚುರುಕಾಗಿದಾನೆ. ನಿಂಗೂ ಮಗು, ಮನೆ ಅಂತ ಇದೆ. ಭಾರ ಇಳೀತು ಅಂದ್ಕೋ. ಆಮೇಲೆ ಇನ್ನೊಂದು, ಆ ಹೊಸ ಚಿಪ್ಪಿಗೆ ನಿನ್ ಲೈಬ್ರರಿ ಕಂಪೈಲ್ ಮಾಡಿ ಅವನ ಕೈಗೆ ಕೊಟ್ಬಿಡು."

"ಆಗ್ಲಿ ಲೈಲ್. ಥ್ಯಾಂಕ್ಸ್."

ಥ್ಯಾಂಕ್ಸ್ ಯಾಕೆ ಹೇಳಿದೆ? ಫೋನ್ ಇಟ್ಟ ಮೇಲೆ ಅವಳ ಮುಖ ಬಿಸಿಯಾದದ್ದು ಲೈಲ್ ಮೇಲಿನ ಸಿಟ್ಟಿಗಲ್ಲ, ಆ ಒಂದು ಮಾತಿಗೆ.

"ಅಮ್ಮಾ, ಬಿಗಿಯಾಯ್ತು. ಕಣ್ಣು ಎಳೀತಿದೆ," ಎಂದಳು ಒಟಿಲಿ.

ಕಂಪನಿ ಇದ್ದದ್ದು ವಿಸ್ಕಾನ್ಸಿನ್ನಿನ ಒಂದು ಸಣ್ಣ ಊರಿನ ಹಳೆಯ ಚೀಸ್ ಕಾರ್ಖಾನೆಯ ಕಟ್ಟಡದಲ್ಲಿ. ಅಲ್ಲಿ ತಯಾರಾಗುತ್ತಿದ್ದುದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಡೈರಿಗಳಲ್ಲಿ ಹಾಲಿನ ತೊಟ್ಟಿಯ ಪಕ್ಕದ ಗೋಡೆಗೆ ಕೂತು, ಹಾಲು ಎಷ್ಟು ತಣ್ಣಗಿದೆಯೆಂದು ಹಗಲೂ ರಾತ್ರಿ ಬರೆದಿಡುವುದು ಅದರ ಕೆಲಸ. ಬರೆದದ್ದು ಅಳಿಸಿಹೋದರೆ ಲಾರಿಯವನು ಹಾಲು ಮುಟ್ಟುವುದಿಲ್ಲ. ತೊಟ್ಟಿ ಹಾಲೂ ಚರಂಡಿಗೆ. ಹಾಗಾಗಿ ಪೆಟ್ಟಿಗೆಯ ಜೀವವೆಲ್ಲ ಇದ್ದದ್ದು ಅದರ ನೆನಪಿನ ಚಿಪ್ಪಿನಲ್ಲಿ, ಆ ಚಿಪ್ಪಿನೊಳಗೆ ಏನನ್ನು ಎಲ್ಲಿ ಬರೆಯಬೇಕೆಂದು ನೋಡಿಕೊಳ್ಳುವ ಫೈಲ್ ಸಿಸ್ಟಮ್ ಲೈಬ್ರರಿ ಎಂಬ ಪ್ರೋಗ್ರಾಮಿನಲ್ಲಿ. ಅದು ಮಾರ್ಲಾಳದು. ಒಟಿಲಿ ಹೊಟ್ಟೆಯಲ್ಲಿದ್ದಾಗ, ಕಾಲು ಊದಿಕೊಂಡು ಸ್ಟೂಲಿನ ಮೇಲಿಟ್ಟುಕೊಂಡು ಬರೆದದ್ದು.

ಅಂಥ ಚಿಪ್ಪಿಗೆ ಒಂದು ದೌರ್ಬಲ್ಯವಿದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆದು ಅಳಿಸಿದರೆ ಆ ಜಾಗ ಸವೆದು ಸಾಯುತ್ತದೆ. ಹುಲ್ಲಿನ ಮೇಲೆ ದಿನವೂ ಒಂದೇ ಕಡೆ ನಡೆದರೆ ನೆಲ ಬೋಳಾಗುವ ಹಾಗೆ. ಮಾರ್ಲಾಳ ಲೈಬ್ರರಿಯ ಜಾಣತನವಿದ್ದದ್ದು ಅಲ್ಲೇ: ಅದು ಪ್ರತಿ ಸಲವೂ ಬೇರೆ ಕಡೆ ಹೆಜ್ಜೆಯಿಡುತ್ತಿತ್ತು. ಕಂಪೈಲ್ ಮಾಡುವಾಗ, ಅಂದರೆ ಬರೆದ ಸಾಲುಗಳನ್ನು ಚಿಪ್ಪಿಗೆ ಅರ್ಥವಾಗುವ ಫೈಲಾಗಿ ಮಾರ್ಪಡಿಸುವಾಗ, ಒಂದೇ ಒಂದು ಆಯ್ಕೆಯನ್ನು ತಿರುಗಿಸಿದರೆ ಆ ಜಾಣತನ ಮಲಗಿಬಿಡುತ್ತಿತ್ತು. ಬರೆದ ಸಾಲುಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ.

ಯೋಚನೆ ಬಂದದ್ದು ಪಾತ್ರೆ ತೊಳೆಯುವಾಗ. ಕೈ ನೊರೆಯಲ್ಲಿತ್ತು. ಛೀ ಎಂದುಕೊಂಡಳು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು. ಬಟ್ಟೆ ಮಡಿಸುವ ಹೊತ್ತಿಗೆ ಆ ಯೋಚನೆಗೆ ಕೈಕಾಲು ಮೂಡಿದ್ದವು.

ಟೋಬಿನ್ ಮಾಸ್ ಮುಖ್ಯಸ್ಥನಾದ ಹುರುಪಿನಲ್ಲಿ ಎಲ್ಲರ ಮುಂದೆ ಸಾರಿದ್ದ: ಇನ್ನು ಮೇಲೆ ಪೆಟ್ಟಿಗೆ ಕಾಲು ಗಂಟೆಗೊಮ್ಮೆಯಲ್ಲ, ನಿಮಿಷಕ್ಕೊಮ್ಮೆ ಬರೆಯುತ್ತದೆ. ಚಿಪ್ಪುಗಳು ಸತ್ತರೆ ತೋರಿಸುವ ಬೆರಳೆಲ್ಲ ಅವನ ಕಡೆಗೇ. ಅಷ್ಟೊಂದು ಬರೆಸಿದವನು ಅವನಲ್ಲವೇ? ಕಂಪನಿಯಲ್ಲಿ ಪರೀಕ್ಷೆಗೆ ಕೊಡುವುದು ಕೆಲವು ವಾರ; ಸವೆತ ಕಾಣಿಸುವುದು ತಿಂಗಳುಗಳ ಮೇಲೆ. ಜೊತೆಗೆ ಅಲ್ಲೊಂದು ಪದ್ಧತಿಯಿತ್ತು: ಪರೀಕ್ಷೆ ದಾಟಿದ ಲೈಬ್ರರಿಯನ್ನು ಯಾರೂ ಮತ್ತೆ ಕಂಪೈಲ್ ಮಾಡುವಂತಿಲ್ಲ. ಹೆಪ್ಪು ಹಾಕಿದ ಹಾಲಿನ ಹಾಗೆ, ಅಲುಗಾಡಿಸದೆ ಬಳಸಬೇಕು. ಆ ಪದ್ಧತಿ ತಂದವಳೂ ಮಾರ್ಲಾಳೇ.

ಆಫೀಸಿನ ಕಂಪ್ಯೂಟರ್ ಪ್ರತಿ ಕಂಪೈಲಿನ ಗುರುತನ್ನೂ ಉಳಿಸಿಕೊಳ್ಳುತ್ತಿತ್ತು. ಆದ್ದರಿಂದ ಅಲ್ಲಿ ಒಂದು ಶುದ್ಧವಾದ ಲೈಬ್ರರಿ ಕಂಪೈಲ್ ಮಾಡಿದಳು. ನಾಳೆ ಯಾರು ಕೆದಕಿದರೂ ಸಿಗುವುದು ಅದೇ. ಆ ಆಯ್ಕೆ ತಿರುಗಿಸಿದ ಇನ್ನೊಂದನ್ನು ಮನೆಯಲ್ಲಿ, ಒಟಿಲಿ ಶಾಲೆಗೆ ಹೋದ ಮೇಲೆ, ಅವಳು ಚಿತ್ರ ಬಿಡಿಸುವ ಅಡುಗೆಮನೆಯ ಹಳೆಯ ಕಂಪ್ಯೂಟರಿನಲ್ಲಿ ಮಾಡಿದಳು. ಒಲೆಯೊಳಗೆ ಆಲೂಗಡ್ಡೆ ಚೀಸ್ ಬೇಯುತ್ತಿತ್ತು. ಮೇಲ್ಪದರ ಕೆಂಪಾಗುವ ಮೊದಲೇ ಕೆಲಸ ಮುಗಿಯಿತು. ಲೈಬ್ರರಿಯ ಒಳಗಿನ ತಪಾಸಣೆಯ ಸಾಲುಗಳನ್ನು, ಅಂದರೆ ಏನಾದರೂ ಕೆಟ್ಟಾಗ ಇಂಥ ಕಡೆ ಕೆಟ್ಟಿತು ಎಂದು ಕೂಗುವ ಸಾಲುಗಳನ್ನು, ಹಾಗೇ ಉಳಿಸಿದಳು. ತೆಗೆದರೆ ಫೈಲು ಹಗುರವಾಗಿ ಯಾರಿಗಾದರೂ ಅನುಮಾನ ಬಂದೀತು. ಕೆಟ್ಟ ಕೆಲಸವನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೇನಲ್ಲ ಎಂಬ ಹೆಮ್ಮೆ ಒಂದು ಕ್ಷಣ ಬಂತು.

ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಆ ಕೆಲಸದ ಗುರುತನ್ನೆಲ್ಲ ಕಂಪ್ಯೂಟರಿನಿಂದ ಅಳಿಸಿದಳು. ಅದರ ಕಸದ ಬುಟ್ಟಿಯನ್ನೂ ಬರಿದು ಮಾಡಿದಳು. ಮರುದಿನ ಫೈಲನ್ನು ಟೋಬಿನ್‌ಗೆ ಕೊಟ್ಟಾಗ ಅವನು ಎದ್ದು ನಿಂತೇ ಇಸಿದುಕೊಂಡ.

"ನೀವು ಬೇಜಾರು ಮಾಡ್ಕೊಂಡಿದೀರೇನೋ ಅಂದ್ಕೊಂಡಿದ್ದೆ. ನಿಮ್ ಕೆಲಸದ ಮೇಲೇ ನಾನು ನಿಂತಿರೋದು, ಗೊತ್ತು ನಂಗೆ."

ಅವನು ಹೀಗೆ ಅನ್ನದಿದ್ದರೆ ಚೆನ್ನಾಗಿತ್ತು.

ಚಳಿಗಾಲ ಬಲಿತ ಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಮರೆಯತೊಡಗಿದವು. ಎಲ್ಲವೂ ಅವಳು ಎಣಿಸಿದ ಹಾಗೆಯೇ. ಒಂದು ಡೈರಿಯ ವರ್ನಾ ಎಂಬ ಮುದುಕಿ ತೊಟ್ಟಿ ಹಾಲನ್ನೆಲ್ಲ ಚರಂಡಿಗೆ ಬಿಟ್ಟು, ಆಫೀಸಿಗೆ ಫೋನ್ ಮಾಡಿ, ಬೈಯಲೂ ಇಲ್ಲವಂತೆ, ಸುಮ್ಮನೆ ಅತ್ತಳಂತೆ. ಅದನ್ನು ಕೇಳಿದ ದಿನದಿಂದ ಮಾರ್ಲಾ ಕಾಫಿಗೆ ಹಾಲು ಹಾಕುವುದನ್ನು ಬಿಟ್ಟಳು. ಕರಿ ಕಾಫಿ ಕುಡಿದಳು. ಹೇಳಿಬಿಡಲೇ ಎಂದು ಎಷ್ಟೋ ಬೆಳಿಗ್ಗೆ ಅನ್ನಿಸಿತು. ಹೇಳಿದರೆ ಒಟಿಲಿಯ ಅಮ್ಮ ಯಾರಾಗಿ ಉಳಿಯುತ್ತಾಳೆ?

ಹಿಮ ಸುರಿದು ಶಾಲೆ ತಡವಾಗಿ ತೆರೆಯುವ ಒಂದು ಬೆಳಿಗ್ಗೆ ಲೈಲ್ ಮತ್ತು ಟೋಬಿನ್ ಅವಳ ಮನೆ ಬಾಗಿಲಿಗೇ ಬಂದರು. ದಾರಿಯಲ್ಲಿ ವರ್ನಾಳ ಕೊಟ್ಟಿಗೆಯಿಂದ ಸತ್ತ ಪೆಟ್ಟಿಗೆಯನ್ನು ಕಳಚಿ ತಂದಿದ್ದರು. ಟೋಬಿನ್ ತೊಟ್ಟ ಎರಡು ಕೈಗವಸು ಎರಡು ಬಣ್ಣದವಾಗಿದ್ದವು.

"ಬೂಟು ಬಾಗಿಲಲ್ಲೇ ಬಿಡಿ ಲೈಲ್. ನೆಲ ಈಗಷ್ಟೇ ಒರೆಸಿದ್ದು," ಎಂದಳು.

"ನೋಡಪ್ಪಾ, ನಾವು ಮುಳುಗ್ತಿದೀವಿ, ಇವಳಿಗೆ ನೆಲದ ಚಿಂತೆ!" ಲೈಲ್ ನಗಲು ನೋಡಿದ.

ಟೋಬಿನ್ ಊಟದ ಮೇಜಿನ ಮೇಲೆ, ಒಟಿಲಿಯ ತಿಂಡಿ ಬಟ್ಟಲಿನ ಪಕ್ಕದಲ್ಲೇ, ಪೆಟ್ಟಿಗೆಗೆ ವೈರು ಸಿಕ್ಕಿಸಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಪರದೆಯ ಮೇಲೆ ಒಂದೇ ಸಾಲು ಮೂಡಿ ನಿಂತಿತು. ಅವನು ಅದರ ಕೊನೆಗೆ ಬೆರಳಿಟ್ಟ.

"ಇದೇ ತಪಾಸಣೆ. ಜಾಗ ಸವೆದುಹೋಗಿದೆ. ನಿಮ್ ಲೈಬ್ರರಿ ಸರಿಯಾಗೇ ಹಿಡಿದಿದೆ ಮಾರ್ಲಾ. ತಪ್ಪು ನಂದೇ. ನಿಮಿಷಕ್ಕೊಂದ್ಸಲ ಬರೆಸಬಾರದಿತ್ತು."

ಅವಳೂ ಸಾಲಿನ ಕೊನೆಯನ್ನೇ ನೋಡಿದಳು. ತನಗೆ ಗೊತ್ತಿದ್ದ ಅದೇ ಜಾಗ. "ಹೂಂ," ಎಂದಳು.

ಒಟಿಲಿ ಚಮಚ ಬಾಯಲ್ಲಿಟ್ಟುಕೊಂಡೇ ಅಮ್ಮನ ತೋಳು ಎಳೆದಳು.

"ದೊಡ್ಡೋರು ಮಾತಾಡ್ತಿದಾರೆ ಪುಟ್ಟಾ. ಆಮೇಲೆ."

"ನಾನು ಇವನಿಗೆ ಹೇಳಿಯಾಯ್ತು," ಎಂದ ಲೈಲ್ ಕಿಟಕಿಯ ಕಡೆ ತಿರುಗಿ. "ಇವತ್ತೇ ಕೊನೆ. ಇನ್ಮೇಲೆ ಮುಖ್ಯಸ್ಥನ ಜಾಗ ನಿಂದು. ಮೊದಲೇ ನಿಂಗೆ ಕೊಡ್ಬೇಕಿತ್ತು ಕಣಮ್ಮಾ, ನನ್ನದೇ ತಪ್ಪು."

ಈ ಮಾತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಳು! ಈಗ ಅದು ಕಿವಿಗೆ ಬಿದ್ದಾಗ ಟೋಬಿನ್ ತಲೆ ಬಗ್ಗಿಸಿ ವೈರು ಸುತ್ತುತ್ತಿದ್ದ. ಅವನ ಮುಖ ನೋಡಲಾಗಲಿಲ್ಲ. ಒಟಿಲಿ ಮತ್ತೆ ತೋಳು ಎಳೆದಳು; ಮಾರ್ಲಾ ಆ ಪುಟ್ಟ ಕೈಯನ್ನು ಮೆತ್ತಗೆ ಬಿಡಿಸಿದಳು.

ತಪಾಸಣೆಯ ಒಂದೊಂದು ಸಾಲಿನ ಜೊತೆಗೂ ಕಂಪೈಲರ್ ಇನ್ನೊಂದನ್ನೂ ಲೈಬ್ರರಿಯೊಳಗೆ ಹೊಲಿದುಬಿಡುತ್ತದೆ: ಆ ಫೈಲು ಆ ಹೊತ್ತಿಗೆ ಯಾವ ಕಂಪ್ಯೂಟರಿನಲ್ಲಿ, ಯಾರ ಹೆಸರಿನ ಫೋಲ್ಡರಿನಲ್ಲಿ ಕೂತಿತ್ತೆಂಬ ಪೂರ್ತಿ ವಿಳಾಸವನ್ನು. ಈ ಕಸುಬಿನ ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ. ವಿಳಾಸ ದಾಟಿ, ಎಷ್ಟನೆಯ ಸಾಲಿನಲ್ಲಿ ಕೆಟ್ಟಿತೆಂದು ಹೇಳುವ ಕೊನೆಯ ಅಂಕಿಗೇ ಹಾರುತ್ತದೆ. ಮಾರ್ಲಾಳದೂ ಹಾಗೇ ಹಾರಿತ್ತು. ಅಡುಗೆಮನೆಯ ಕಂಪ್ಯೂಟರ್ ಇದ್ದದ್ದು ಮಗುವಿನ ಹೆಸರಲ್ಲಿ. ಆ ಸಾಲಿನಲ್ಲಿ ಮಗುವಿಗೆ ಓದಲು ಬಂದದ್ದು ಒಂದೇ ಒಂದು ಪದ. ಅವಳು ಚಮಚವನ್ನು ಬಟ್ಟಲಿಗಿಟ್ಟು, ಹಾಲು ಮೆತ್ತಿದ ಬೆರಳನ್ನು ಪರದೆಯ ಮೇಲೆ, ಸಾಲಿನ ಮೊದಲಲ್ಲಿ ಇಟ್ಟಳು. ಟೋಬಿನ್ ವೈರು ಸುತ್ತುವುದನ್ನು ನಿಲ್ಲಿಸಿ ಆ ಬೆರಳನ್ನು ನೋಡಿದ. "ಅಮ್ಮಾ," ಎಂದಳು ಒಟಿಲಿ, ಎಲ್ಲರಿಗೂ ಕೇಳುವ ಹಾಗೆ, "ಇದ್ರಲ್ಲಿ ನನ್ನ ಹೆಸರು ಯಾಕಿದೆ?"